ನೋರಾ ಊರಿಗೆ ಹೋಗದ ಕಾರಣ

ಸಟನ್, ಲಂಡನ್
೨೩ ಮಾರ್ಚ್ ೨೦೨೫

ಪ್ರೀತಿಯ ಶಿವಕ್ಕಾರಿಗೆ, ನಿಮ್ಮ ತಮ್ಮನ ಹೆಂಡತಿ ನೀಲವ್ವನ ಶರಣು.

ಮೊನ್ನೆ ನೀವು ಲಂಡನ್ನಿಗೆ ಬರಲು ವೀಸಾ ಬಂತು ಎಂದು ಫೋನಿನಲ್ಲಿ ಹೇಳಿದಾಗ ನಾನು ಹಿಗ್ಗಲಿಲ್ಲವೆಂದು ಬೇಜಾರು ಮಾಡಿಕೊಂಡಿರಬೇಕು. "ನಮ್ಮ ಮಲ್ಲಪ್ಪನ ಮಣ್ಣಿಗಂತೂ ಬರಾಕ ಆಗಲಿಲ್ಲ, ಅವನ ಗದ್ದಗಿಗರೆ ಇಬತ್ತಿ ಹಚ್ಚಿ ಬರ್ತೀನಿ ನೀಲವ್ವ" ಅಂದಿರಿ. ಲೈನು ಸರಿಯಿಲ್ಲ ಎಂದು ನಾನು ಫೋನು ಇಟ್ಟುಬಿಟ್ಟೆ. ಲೈನು ಸರಿಯಾಗಿಯೇ ಇತ್ತು, ಅಕ್ಕಾ. ಬಾಯಿಂದ ಹೇಳಲಾಗದ್ದನ್ನು ಬರೆಯಲು ಕೂತಿದ್ದೇನೆ. ಆದರೆ ಮೊದಲು ನೋರಾಳ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನನ್ನದನ್ನು ಹೇಳುವ ಧೈರ್ಯ ನನಗಿಲ್ಲ.

ನೋರಾ ನಮ್ಮ ಪಕ್ಕದ ಮನೆಯ ಐರಿಷ್ ಮುದುಕಿ. ಎಂಬತ್ತೆರಡು ತುಂಬಿತ್ತು. ಹೋದ ತಿಂಗಳ ಕೊನೆಗೆ ತೀರಿಕೊಂಡಳು, ಗುರುವಾರ ಮಣ್ಣಿಗೆ ಹೋಗಿಬಂದೆ. ಇಲ್ಲಿ ಎಲ್ಲದಕ್ಕೂ ಸರದಿ, ಮಣ್ಣಿಗೂ ಮೂರು ವಾರ ಕಾಯಬೇಕು.

ಹದಿನೆಂಟರ ಹುಡುಗಿಯಾಗಿ ಐರ್ಲೆಂಡಿನ ಮೇಯೋ ಎಂಬ ಸೀಮೆಯಿಂದ ಹಡಗು ಹತ್ತಿ ಬಂದವಳು ಆಕೆ. ಅರವತ್ತು ವರ್ಷ ಇಲ್ಲೇ ದುಡಿದು ಇಲ್ಲೇ ಮಕ್ಕಳನ್ನು ಹೆತ್ತರೂ ಯಾರಾದರೂ ಅಪ್ಪಿತಪ್ಪಿ ಬ್ರಿಟಿಷ್ ಅಂದರೆ ಕೆಂಡಾಮಂಡಲವಾಗುತ್ತಿದ್ದಳು. ಐರಿಷ್ ಪಾಸ್‌ಪೋರ್ಟನ್ನು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಹೊಸದು ಮಾಡಿಸುವಳು, ಎಲ್ಲಿಗೂ ಹೋಗಳು. ನಾವು ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡು ನಮ್ಮದನ್ನು ಒಪ್ಪಿಸಿ ಬಂದ ದಿನ ಕೇಕು ಹಿಡಿದು ಬಂದಳು, ಆದರೆ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ಕೂತಳು. ನಿಮ್ಮ ತಮ್ಮ ನಕ್ಕು ನಕ್ಕು ಸುಸ್ತಾದರು.

ಇಬ್ಬರೂ ಊರಿನ ಮಾತಿಗೆ ಕೂತರೆ ಏಳುತ್ತಿರಲಿಲ್ಲ. ಇವರು ಡೋಣಿ ಹೊಳೆಯ ದಂಡೆಯ ಬಿಳಿಜೋಳ ಅಂದರೆ ಆಕೆ ಕಡಲ ಗಾಳಿ, ಕಲ್ಲುಗೋಡೆಯ ಹೊಲ ಅನ್ನುವಳು. ಅವರಲ್ಲಿ ಜೌಗು ನೆಲದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕೊಯ್ದು, ಒಣಗಿಸಿ ಒಲೆಗೆ ಹಾಕುತ್ತಾರಂತೆ. ಮಣ್ಣು ಎಲ್ಲಾದರೂ ಉರಿಯುತ್ತದೆಯೇ ಎಂದು ಇವರು ಹಟ ಹಿಡಿದರು. ಆಕೆ ಅಲ್ಲಿಂದ ನಾಲ್ಕು ಹೆಂಟೆ ತರಿಸಿ ಹಿತ್ತಿಲಲ್ಲಿ ಹೊತ್ತಿಸಿಯೇ ಬಿಟ್ಟಳು. ಎದುರು ಮನೆಯವರು ಹೊಗೆ ಎಂದು ಕೌನ್ಸಿಲ್‌ಗೆ ಫೋನು ಮಾಡಿದರು. ಇವರಿಬ್ಬರೂ ಆ ಹೊಗೆಯಲ್ಲೇ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು.

ಪ್ರತಿ ಮಾರ್ಚ್‌ನಲ್ಲಿ ಆಕೆಯ ತಂಗಿ ಪುಟ್ಟ ಡಬ್ಬಿಯಲ್ಲಿ ಮೂರೆಲೆಯ ಸೊಪ್ಪು ಕಳಿಸುತ್ತಿದ್ದಳು. ಅವರ ಹಬ್ಬಕ್ಕೆ ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕಂತೆ. ದಸರೆಗೆ ನೀವು ಲಕೋಟೆಯಲ್ಲಿ ಬನ್ನಿ ಕಳಿಸುತ್ತೀರಲ್ಲ, ಹಾಗೆ. ಎರಡೂ ಬಾಡಿಯೇ ಬರುತ್ತಿದ್ದವು.

ವಿಮಾನದಲ್ಲಿ ಒಂದೂವರೆ ತಾಸು, ಹೋಗಿಬರಬಾರದೇ ಎಂದರೆ ನೂರೆಂಟು ನೆವ. ಮೊಣಕಾಲು ನೋವು, ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ, ಮೇಯೋ ತಂಡ ಫುಟ್‌ಬಾಲ್ ಫೈನಲ್ ಗೆದ್ದ ವರ್ಷ ಹೋಗುತ್ತೇನೆ. ಆ ತಂಡ ಗೆದ್ದು ಎಪ್ಪತ್ತು ವರ್ಷದ ಮೇಲಾಯಿತು!

ಜನವರಿಯಲ್ಲಿ, ನೀವು ವೀಸಾಕ್ಕೆ ಅರ್ಜಿ ಹಾಕಿದ್ದೀರಿ ಎಂದು ಹೇಳಿದಾಗ, ಆಕೆ ಚಹಾ ಕುಡಿಯುವುದನ್ನು ಬಿಟ್ಟು ನಿಜವಾದ ಕಾರಣ ಹೇಳಿದಳು. ಆಕೆಯ ಅಣ್ಣ ಮೈಕಲ್ ಆಕೆಗಿಂತ ಮೊದಲೇ ಲಂಡನ್ನಿಗೆ ಬಂದು ಟ್ಯೂಬ್ ರೈಲಿನ ಸುರಂಗ ತೋಡುತ್ತಿದ್ದನಂತೆ. ತೆರಿಗೆಯವರಿಗೆ ಸಿಗಬಾರದೆಂದು ಆ ಕಾಲದ ಐರಿಷ್ ಕೂಲಿಗಳಲ್ಲಿ ಎಷ್ಟೋ ಜನ ಸುಳ್ಳು ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರಂತೆ, ಇವನೂ ಹಾಗೆ. ಒಂದು ಚಳಿಗಾಲ ಬಾಡಿಗೆ ಕೋಣೆಯಲ್ಲಿ ಸತ್ತ. ಆ ಸುಳ್ಳು ಹೆಸರಿನಲ್ಲೇ, ದಿಕ್ಕಿಲ್ಲದವರ ಗುಂಡಿಯಲ್ಲಿ ಹೂತರು. ನೋರಾಳಿಗೆ ಗೊತ್ತಾದದ್ದು ತಿಂಗಳ ಮೇಲೆ. ತಾಯಿಗೆ ಮಾತ್ರ ಆಕೆ, ಪಾದ್ರಿ ಬಂದಿದ್ದರು, ಅಣ್ಣನಿಗೆ ಅವನದೇ ಕಲ್ಲಿದೆ, ಹೆಸರು ಕೆತ್ತಿಸಿದ್ದೇನೆ ಎಂದು ಬರೆದಳು. ತಾಯಿ ಮರುಟಪಾಲಿನಲ್ಲಿ, ನೀನು ಬರುವಾಗ ಅವನ ಗೋರಿಯ ಮಣ್ಣು ಒಂದು ಹಿಡಿ ತಾ ಎಂದು ಬರೆದಳು.

ಎಲ್ಲಿಂದ ತಂದಾಳು? ಈ ವರ್ಷ ಬೇಡ, ಮುಂದಿನ ವರ್ಷ ಎಂದು ಇಪ್ಪತ್ಮೂರು ವರ್ಷ ದೂಡಿದಳು. ಅಷ್ಟರಲ್ಲಿ ತಾಯಿ ಹೋದಳು. ಆಮೇಲೆ ಯಾವ ಮುಖ ಹೊತ್ತು ಹೋಗಲಿ ಎಂದು ಕೇಳಿದಳು ನನ್ನನ್ನು. ಊರಿನ ಮೇಲೆ ಜೀವವನ್ನೇ ಇಟ್ಟುಕೊಂಡವಳು, ಒಂದು ಕಾಗದದ ಸುಳ್ಳಿಗೆ ಊರನ್ನು ಕಳೆದುಕೊಂಡಳು. ನಾನು ಎದ್ದು ಬಂದು ನಮ್ಮ ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಅಕ್ಕಾ, ನಿಮ್ಮ ತಮ್ಮನಿಗೆ ಮಣ್ಣು ಸಿಗಲಿಲ್ಲ. ಅವರನ್ನು ಸುಟ್ಟರು.

ಕೊರೊನಾದ ಆ ಏಪ್ರಿಲ್‌ನಲ್ಲಿ ನಾನೂ ಇನ್ನೊಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದೆ. ಶವಸಂಸ್ಕಾರದವರು ಫೋನಿನಲ್ಲಿ ಧರ್ಮ ಕೇಳಿದರು, ಮಗ ನಿತೀಶ ಹಿಂದೂ ಅಂದ. ಹಾಗಾದರೆ ದಹನ ತಾನೇ ಎಂದರು, ಹೌದು ಅಂದ. ನಮ್ಮವರನ್ನು ಕೂರಿಸಿ ಮಣ್ಣು ಕೊಡುತ್ತಾರೆ, ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಮಗನನ್ನು ಗ್ರಾಮರ್ ಸ್ಕೂಲಿಗೆ ಸೇರಿಸಲು ಮೂರು ವರ್ಷ ಒದ್ದಾಡಿದ ನಾವು ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಅವನನ್ನು ಬೈಯಬೇಡಿ. ತಪ್ಪು ನನ್ನದು, ಆಮೇಲಿನ ಸುಳ್ಳಂತೂ ಪೂರಾ ನನ್ನದು. ಒಳ್ಳೆಯ ಜಾಗ, ಮರದ ನೆರಳು, ಜಂಗಮರು ಫೋನಿನಲ್ಲಿ ಮಂತ್ರ ಹೇಳಿದರು ಎಂದೆಲ್ಲ ನಿಮಗೆ ಹೇಳಿದೆನಲ್ಲ, ಒಂದೂ ನಡೆದಿಲ್ಲ.

ರಜೆ ಸಿಗಲಿಲ್ಲ, ಡ್ಯೂಟಿ ಬಿಡುವುದಿಲ್ಲ ಎಂದು ಐದು ವರ್ಷದಿಂದ ನಾನು ಊರಿಗೆ ಬಾರದ್ದು ಇದಕ್ಕೇ. ನಿಮ್ಮ ಮುಖ ನೋಡುವ ಧೈರ್ಯವಿರಲಿಲ್ಲ.

ಅವರ ಬೂದಿಯೂ ಇಷ್ಟಲಿಂಗವೂ ನನ್ನ ಹತ್ತಿರ ಇವೆ. ಏಪ್ರಿಲ್ ಹದಿನಾಲ್ಕಕ್ಕೆ ನಾನೂ ನಿತೀಶನೂ ಊರಿಗೆ ಹೊರಡುತ್ತಿದ್ದೇವೆ. ಹೊಲದಲ್ಲಿ ಮಾವನವರ ಮಗ್ಗುಲಿಗೆ ಒಂದು ಗುಣಿ ತೆಗೆಸಲು ಹೊಲ ನೋಡಿಕೊಳ್ಳುವ ಶೇಖರಪ್ಪನಿಗೆ ಹೇಳುತ್ತೀರಾ? ಆಗುವುದಿಲ್ಲ ಅಂದರೂ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ, ವಾಪಸು ಮಾತ್ರ ಹೋಗುವುದಿಲ್ಲ.

ನಿಮ್ಮ ತಪ್ಪಿತಸ್ಥೆ,
ನೀಲವ್ವ

ಮರೆತಿಲ್ಲ, ಬರೆಯಲು ಕೈ ಬರಲಿಲ್ಲ: ಇವರ ಗದ್ದಿಗೆ ಎಂದು ನಾನು ಕಳಿಸಿದ ಫೋಟೋಕ್ಕೆ ಕಟ್ಟು ಹಾಕಿಸಿ ಜಗಲಿಯ ಮೇಲಿಟ್ಟು ನೀವು ಪ್ರತಿ ಸೋಮವಾರ ವಿಭೂತಿ ಹಚ್ಚುತ್ತೀರಲ್ಲ, ಅದು ನೋರಾಳ ಗಂಡ ಟಾಮ್‌ನ ಗೋರಿ. ಹೆಸರು ಕಾಣಬಾರದೆಂದು ಕಲ್ಲಿನ ಹಿಂದೆ ನಿಂತು ಫೋಟೋ ತೆಗೆದವಳೂ ನೋರಾಳೇ. ನೀವು ಪೂಜೆ ಮಾಡುತ್ತೀರಿ ಎಂದು ಹೇಳಿದಾಗ ಆಕೆ ನಾಚಿಕೊಂಡು, ಟಾಮ್‌ಗೆ ಅವನ ಒಡಹುಟ್ಟಿದವರೂ ಇಷ್ಟು ಮಾಡಿಲ್ಲ ಅಂದಿದ್ದಳು. ಸಿಟ್ಟಿನಲ್ಲಿ ಅದನ್ನು ಹೊರಗೆ ಎಸೆಯಬೇಡಿ, ಅಕ್ಕಾ. ಗುರುವಾರದಿಂದ ಅಲ್ಲಿ ನೋರಾಳೂ ಇದ್ದಾಳೆ.