ಇಪ್ಪತ್ತನಾಲ್ಕು ಹಾಳೆಯ ನಡಿಗೆ

ದೊಡ್ಡನೆಕ್ಕುಂದಿ
ಭಾನುವಾರ, 9 ಫೆಬ್ರವರಿ 2025

ಅಮ್ಮಾ,

ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿವ್ನಿ ಕಣವ್ವ" ಅಂದು ಚಿಕ್ಕಮ್ಮನ ಕೈಗೆ ಕೊಟ್ಟುಬಿಡ್ತೀಯ. ಅದಕ್ಕೇ ಈ ಕಾಗದ. ಇದನ್ನಾದರೂ ನೀನೇ ಓದು. ನೀನು ಮಾಲೂರಿಗೆ ಹೋಗಿ ಮೂರು ವಾರ ಆಯ್ತು.

ನನ್ನ ಕೆಲಸ ಏನು ಅಂತ ನಿನಗೆ ಸರಿಯಾಗಿ ಹೇಳಲೇ ಇಲ್ಲ ನಾನು. ಬೆಳ್ಳಂದೂರಿನ ಆಫೀಸಿನಲ್ಲಿ ಗೊಂಬೆ ಬರೀತಾಳೆ ಅಂತಷ್ಟೇ ನಿನಗೆ ಗೊತ್ತು. ನಮಗೆ ಕಲಿಸೋ ಮುನೀಂದ್ರ ಸಾರ್, ಕಂಪ್ಯೂಟರ್ ಮುಟ್ಟೋಕೆ ಮುಂಚೆ ನಡಿಗೆಯನ್ನ ಕೈಯಲ್ಲೇ ಬರೆದು ಕಲೀಬೇಕು ಅಂದರು. ಕೆಳಗಿಂದ ಬೆಳಕು ಬರೋ ಗಾಜಿನ ಮೇಜು, ಅದರ ಮೇಲೆ ಹಾಳೆಗಳು. ಒಂದು ಹೆಜ್ಜೆಗೆ ಹನ್ನೆರಡು ಚಿತ್ರ, ಎರಡು ಕಾಲಿಗೆ ಇಪ್ಪತ್ತನಾಲ್ಕು. ಸರಸರ ತಿರುವಿದರೆ ಗೊಂಬೆ ನಡೀಬೇಕು. ನನ್ನದು ನಡೀತಿರಲಿಲ್ಲ, ತೇಲ್ತಿತ್ತು. ಎರಡು ತಿಂಗಳು ಅದೇ ಪಾಡು. "ನಿನ್ನ ಗೊಂಬೆಗೆ ಮೈಭಾರಾನೇ ಇಲ್ವಲ್ಲಮ್ಮ. ಮನೇಲಿ ನಡೆಯೋರನ್ನ ನೋಡು" ಅಂದರು ಸಾರ್.

ನಿನ್ನನ್ನ ನೋಡಿದೆ. ಸಂಜೆ ನೀನು ಗಾರ್ಮೆಂಟ್ಸ್ ವ್ಯಾನ್ ಇಳಿದು ಬರುವಾಗ ಮಹಡಿ ಮೇಲಿಂದ ಮೊಬೈಲಲ್ಲಿ ವಿಡಿಯೊ ಮಾಡಿದೆ, ಹದಿನೈದು ದಿನ. ಬೊಮ್ಮನಹಳ್ಳಿಯಲ್ಲಿ ಹದಿನೆಂಟು ವರ್ಷ ನಿಂತು ಶರ್ಟ್ ಚೆಕ್ ಮಾಡಿದ ಸೊಂಟ ನಿನ್ನದು. ಎಡಗಾಲಿನ ಮೇಲೆ ಇಡೀ ಮೈ ವಾಲುತ್ತೆ, ಆಮೇಲೆ ಬಲಗಾಲು ಅರ್ಧ ಸುತ್ತು ಬಂದು ಕೂರುತ್ತೆ. ನೀನು ಮೇಲೆ ನೋಡಿ ಕೈ ಬೀಸ್ತಿದ್ದೆ. ನನ್ನ ಮಗಳು ನಾನು ಬರೋದನ್ನೇ ಕಾಯ್ತಾ ನಿಂತಿರ್ತಾಳೆ ಅಂತ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆಯಂತೆ. ಅದನ್ನ ಕೇಳಿದ ಮೇಲೂ ನಾನು ವಿಡಿಯೊ ಮಾಡೋದು ನಿಲ್ಲಿಸಲಿಲ್ಲ.

ಹಾಳೆಗೆ ಇಳಿಸಿದ ಆ ನಡಿಗೆ ನೋಡಿ ಸಾರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋಪಿನ ಪುಡಿ ಜಾಹೀರಾತಿನಲ್ಲಿ ಜಂಬದ ಅತ್ತೆಯ ಗೊಂಬೆಗೆ ಅದನ್ನೇ ಕೊಟ್ಟರು. ಇನ್ನಷ್ಟು ಜೋರಾಗಿ ವಾಲಿಸು, ನಗು ಬರಲಿ ಅಂದರು. ವಾಲಿಸಿದೆ.

ಆಫೀಸಿನಲ್ಲಿ ಮನೆಯವರನ್ನೆಲ್ಲ ಕರೆದ ದಿನ ನೀನು ಮದುವೆಗೆ ಉಡೋ ಹಸಿರು ಸೀರೆ ಉಟ್ಟು ಬಂದೆ. ದೊಡ್ಡ ಪರದೆ ಮೇಲೆ ಆ ಅತ್ತೆ ನಡೆದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಆಮೇಲೆ ನನ್ನ ಜೊತೆ ಕೆಲಸ ಮಾಡೋ ಶ್ರೀಧರ್ ಕುರ್ಚಿಗಳ ನಡುವೆ ಅದೇ ಥರ ನಡೆದು ತೋರಿಸಿದ. ಆಗ ನಿನ್ನ ನಗು ನಿಂತಿತು. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಊಟಕ್ಕೆ ಎಲ್ಲರೂ ಎದ್ದರೂ ನೀನು ಏಳಲಿಲ್ಲ, ಹಸಿವಿಲ್ಲ ಅಂದೆ. ಆ ಜನರ ಮುಂದೆ ನಡೆಯೋಕೆ ಆಗದೆ ಕೂತಿದ್ದೀಯ ಅಂತ ನನಗೆ ಗೊತ್ತಾಯ್ತು. ಆದರೂ ನಾನು ತಟ್ಟೆ ಹಿಡಿದು ಹೋದೆ.

ಆಟೋದಲ್ಲಿ ನೀನು ಬೈತೀಯ ಅಂದುಕೊಂಡೆ. ನೀನು ಹೇಳಿದ್ದು ಒಂದೇ ಮಾತು: "ಬಲಗಾಲು ಅಂಗೆ ಕುಣಿದಂಗೆ ಬರಲ್ಲ ಕಣೇ. ಅಲ್ಲಿ ನೋಯ್ತದೆ."

ಮಾರನೇ ದಿನದಿಂದ ನಾನು ಮನೆಯಲ್ಲಿ ಇರೋವಷ್ಟು ಹೊತ್ತು ನೀನು ಕೂತಲ್ಲಿಂದ ಏಳಲಿಲ್ಲ. ನೀರು ಬೇಕಾದರೂ ನಾನು ಒಳಗೆ ಹೋಗಲಿ ಅಂತ ಕಾಯ್ತಿದ್ದೆ. ನಾಲ್ಕನೇ ದಿನ ಕೆಲಸಕ್ಕೆ ರಜೆ ಹಾಕಿ ಚಿಕ್ಕಮ್ಮನ ಮನೆಗೆ ಹೊರಟುಬಿಟ್ಟೆ.

ಈಗ ಆ ವಿಡಿಯೊಗಳನ್ನ ನೋಡ್ತಾ ನಿನ್ನ ನಡಿಗೆ ಮತ್ತೆ ಬರೀತಿದೀನಿ, ಯಾರಿಗೂ ತೋರಿಸೋಕಲ್ಲ. ಬಲಗಾಲು ನೆಲ ಮುಟ್ಟೋಕೆ ಮುಂಚೆ ನೀನು ಒಂದು ಕ್ಷಣ ತಡೀತೀಯ, ತುಟಿ ಬಿಗಿ ಹಿಡೀತೀಯ. ಹದಿನೈದು ದಿನ ನೋಡಿದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಕಾಲನ್ನಷ್ಟೇ ನೋಡ್ತಿದ್ದೆ. ಸೊಂಟ ಯಾವಾಗಿಂದ ನೋಯ್ತಿದೆ, ಯಾವ ಡಾಕ್ಟರಿಗೆ ತೋರಿಸಿದೆ, ಒಂದು ದಿನವೂ ಕೇಳಿದವಳಲ್ಲ. ತಪ್ಪಾಯ್ತಮ್ಮ. ಬಾ ಅಂತ ಕರೆಯೋ ಧೈರ್ಯ ನನಗಿಲ್ಲ. ನಾನೇ ಬರಲಾ? ಬೇಡ ಅನ್ನೋದಾದರೂ ಫೋನಲ್ಲಿ ನೀನೇ ಹೇಳು.

ನಿನ್ನ ಮಗಳು,
ಪ್ರಿಯಾಂಕಾ

ಮರೆತಿಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ: ಈ ಕಾಗದ ನಿನಗೆ ಸಿಗೋ ಹೊತ್ತಿಗೆ ಆ ಜಾಹೀರಾತು ಟಿವಿಯಲ್ಲಿ ಬರ್ತಿರುತ್ತೆ. ನಡಿಗೆ ಬದಲಾಯಿಸೋಣ ಸಾರ್ ಅಂತ ಕೇಳೋಕೆ ನನಗೆ ಮೂರು ವಾರ ಸಮಯವಿತ್ತು. ಕೇಳಲಿಲ್ಲ. ಶುಕ್ರವಾರ ನನ್ನ ಕೆಲಸ ಖಾಯಂ ಆಯ್ತು.