ಮಾಡಿಸದ ರಕ್ತಪರೀಕ್ಷೆ

ಕೋಡಿಂಬಾಳ, ಕಡಬ
೧೦ ಫೆಬ್ರವರಿ ೨೦೨೫, ಸೋಮವಾರ

ಮಗಳೇ ಹೇಮಾ,

ಫೋನು ಬಿಟ್ಟು ಕಾಗದ ಬರೆದಿದ್ದಾಳೆಂದರೆ ಅಮ್ಮ ಎಂತದೋ ಎಡವಟ್ಟು ಮಾಡಿದ್ದಾಳೆ ಎಂದು ನಿನಗೆ ಗೊತ್ತಾಗಿರಬೇಕು. ಹೌದು. ಈ ಸಣ್ಣ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ನಿನ್ನ ತಂಗಿ ಭವಿತಾಳಿಗೆ ಕೇಳುತ್ತದೆ. ಅವಳು ಕಟ್ಟಿದ ಬೀಡಿ ಕೊಡಲು ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಕದೀಜಮ್ಮನ ಸೊಸೆ ರಸೀನಾ ನಾಳೆ ಪುತ್ತೂರಿಗೆ ಕೆಲಸಕ್ಕೆ ಬರುವಾಗ ನಿನಗೆ ತಲುಪಿಸುತ್ತಾಳೆ.

ಹೊಸ ಮಾತ್ರೆಯಿಂದ ಭವಿತಾಳ ಕಿವಿಯಲ್ಲಿ ಬೈಯುತ್ತಿದ್ದ ದನಿಗಳು ಹೋದವು, ಕಾಲಿಗೆ ಚಡಪಡಿಕೆ ಬಂತು. ಊಟವೂ ನಿಂತೇ. ನಾಲ್ಕು ಬೀಡಿ ಸುರುಟುವಷ್ಟರಲ್ಲಿ ಎದ್ದು ಅಂಗಳ ಸುತ್ತುತ್ತಾಳೆ. ಅಕ್ಕಿ ಹಾಕಿಯಾಳೆಂದು ಕೋಳಿಗಳೂ ಹಿಂದೆಯೇ ಸುತ್ತುತ್ತವೆ. "ಅಮ್ಮ, ಮೊದಲು ಇವುಗಳಿಗೆ ಮದ್ದು ಕೊಡಿ" ಎಂದು ಮೊನ್ನೆ ನಕ್ಕಳು. ನಕ್ಕು ಮುಗಿಸಿ ಅತ್ತಳು.

ಇದು ಮಾತ್ರೆಯಿಂದ ಬಂದದ್ದು, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೆ ಹೆಚ್ಚುವುದೂ ಉಂಟು, ಪರೀಕ್ಷೆ ಮಾಡಿಸಿ ಎಂದಿದ್ದರು ಡಾಕ್ಟರು. "ಮಾಡಿಸಿದೆ, ಸರಿಯುಂಟು" ಎಂದು ನಾನು ನಿನಗೆ ಹೇಳಿದೆ. ನೀನು ಅವರಿಗೆ ಹೇಳಿದೆ. ಹಾಗಾದರೆ ಗುರುವಾರ ಮಾತ್ರೆಯನ್ನೇ ಬದಲಿಸುವ ಎಂದರು ಅವರು.

ಹೇಮಾ, ನಾನು ಪರೀಕ್ಷೆ ಮಾಡಿಸಲೇ ಇಲ್ಲ.

ಕಡಬದ ಲ್ಯಾಬಿನವರೆಗೆ ಹೋದದ್ದು ನಿಜ. ಬಾಗಿಲಲ್ಲಿ ನೋಡಿದರೆ ರಕ್ತ ತೆಗೆಯುವವಳು ನೆಲ್ಯಾಡಿಯ ಹುಡುಗನ ಚಿಕ್ಕಮ್ಮ! ಬರುವ ಭಾನುವಾರ ಭವಿತಾಳನ್ನು ನೋಡಲು ಬರುವವರು ಅವರೇ. ಚೀಟಿಯ ನೆತ್ತಿಯಲ್ಲಿ ಮನಸ್ಸಿನ ಡಾಕ್ಟರೆಂದು ದಪ್ಪಕ್ಷರ. ಮಿಷನ್ ಹಾಳಂತೆ ಎಂದು ಭವಿತಾಳಿಗೆ ಹೇಳಿ ಜೀಪು ಹತ್ತಿಸಿದೆ.

ಹಿಂದೊಮ್ಮೆ ಮಾತ್ರೆ ಬದಲಿಸಿದಾಗ ಅವಳು ಬಾವಿಕಟ್ಟೆಯ ಮೇಲೆ ನಿಂತದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ. ನನ್ನ ಸುಳ್ಳಿನಿಂದ ಹಿಡಿಸಿದ ಮದ್ದು ತಪ್ಪಿದರೆ? ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಫೋನು ಮಾಡು. ಬುಧವಾರ ಅವಳನ್ನು ಸುಳ್ಯಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸುತ್ತೇನೆ. ಅಲ್ಲಿ ನಮ್ಮ ಗುರುತಿನವರು ಯಾರೂ ಇಲ್ಲ.

ಬೈಯಬೇಕಾದಷ್ಟು ಬೈದುಬಿಡು.

ನಿನ್ನ ಅಮ್ಮ

ತಾ.ಕ.: ಕಾಗದ ಮಡಚುವಾಗ ಭವಿತಾ ಬಂದಳು. ಮೊಣಕೈ ಒಳಬದಿಯಲ್ಲಿ ಹತ್ತಿಯ ಉಂಡೆ. ಬೀಡಿ ಕೊಟ್ಟು, ಚೀಟಿ ಹಿಡಿದು ಸೀದಾ ಕಡಬಕ್ಕೆ ಹೋಗಿದ್ದಳಂತೆ. ಆ ದಿನ ಲ್ಯಾಬಿನ ಬಾಗಿಲಲ್ಲಿ ಚಿಕ್ಕಮ್ಮನನ್ನು ಅವಳೂ ನೋಡಿದ್ದಳಂತೆ. "ಭಾನುವಾರ ನೀವು ನೋಡಲು ಬರುವ ಹುಡುಗಿ ನಾನೇ. ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಕೂರಲು ಆಗುವುದಿಲ್ಲ, ನಿಂತೇ ರಕ್ತ ಕೊಡಬಹುದಾ?" ಎಂದು ಚಿಕ್ಕಮ್ಮನನ್ನೇ ಕೇಳಿದಳಂತೆ. ಅವರು ಅವಳನ್ನು ಗೋಡೆಗೆ ಒರಗಿಸಿ ರಕ್ತ ತೆಗೆದರಂತೆ. ರಿಪೋರ್ಟು ಬುಧವಾರ, ಇನ್ನು ಸುಳ್ಯಕ್ಕೆ ಹೋಗಬೇಕೆಂದಿಲ್ಲ. ಭಾನುವಾರ ಅವರು ಬರುತ್ತಾರೋ, ಗೊತ್ತಿಲ್ಲ. ಈಗ ನಿನಗೆ ಫೋನೇ ಮಾಡಬಹುದಿತ್ತು. ಆದರೆ ಮಾಡಿಸಿದೆ ಎಂದು ನಿನಗೆ ಸುಳ್ಳು ಹೇಳಿದ್ದನ್ನು ಅವಳಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಗುರುವಾರ ಡಾಕ್ಟರ ಎದುರು ಹೇಳುತ್ತೇನೆ. ನೀನು ಪಕ್ಕದಲ್ಲಿರು.