ಲಾಕರ್ ಬಾಡಿಗೆಯ ರಾಜಿ

ಹೊಳೆನರಸೀಪುರ
12 ಆಗಸ್ಟ್ 2024, ಸೋಮವಾರ

ಯಶಸ್ವಿನಿಯ ಅಪ್ಪನವರಿಗೆ, ಅವಳ ಅಮ್ಮ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ದಂಡಿಗನಹಳ್ಳಿಯಲ್ಲಿ ನೀವೂ ನನ್ನ ಮೈದುನನ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನ್ ಮಾಡಿದರೆ ಎರಡನೇ ಮಾತಿಗೇ ನಮಗೆ ಜಗಳ ಹತ್ತಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಬ್ಯಾಂಕಿನಿಂದ ನಟರಾಜ ಎಂಬ ಆಫೀಸರು ಮನೆಗೇ ಬಂದಿದ್ದರು. ನಮ್ಮ ಜಂಟಿ ಖಾತೆಯಿಂದ ಮುರಿದುಕೊಂಡ ಲಾಕರ್ ಬಾಡಿಗೆಯಲ್ಲಿ ಮುಕ್ಕಾಲು ಪಾಲು ವಾಪಸ್ ಕೊಡುತ್ತಾರಂತೆ. ನಾವಿಬ್ಬರೂ ರಾಜಿಪತ್ರಕ್ಕೆ ಸಹಿ ಹಾಕಿ, ಹಾಸನದ ಗ್ರಾಹಕರ ಆಯೋಗದಲ್ಲಿರುವ ದೂರನ್ನು ವಾಪಸ್ ತೆಗೆದುಕೊಂಡು, ಖಾತೆಯನ್ನೂ ಮುಚ್ಚಬೇಕಂತೆ. ಶುಕ್ರವಾರದೊಳಗೆ ಉತ್ತರ ಹೇಳಬೇಕು.

ನೀವು ಒಪ್ಪಿಕೋ ಎನ್ನುತ್ತೀರೆಂದು ಗೊತ್ತು. ಕೇಸಿನ ಹೋದ ವಾಯಿದೆಯಲ್ಲೇ "ಬುಟ್ಬುಡು ಪುಷ್ಪ, ಬಂದಷ್ಟು ಬರ್ಲಿ" ಅಂದಿರಿ. ಹೇಗೆ ಬಿಡಲಿ? ಮಗಳ ಮದುವೆಗೆ ನನ್ನ ಅವಲಕ್ಕಿ ಸರ ತೆಗೆದ ದಿನವೇ ಇಬ್ಬರೂ ಹೋಗಿ ಲಾಕರಿನ ಕೀಲಿ ಒಪ್ಪಿಸಿ ಬಂದಿದ್ದೆವು. ಆಮೇಲೂ ಬಾಡಿಗೆ ಮುರಿಯುತ್ತಲೇ ಇದ್ದರು. ಅಷ್ಟರಲ್ಲಿ ನೀವು ಅಲ್ಲಿ, ನಾನು ಇಲ್ಲಿ ಆಗಿದ್ದೆವು. ಖಾತೆ ಕರಗುವುದನ್ನು ನೋಡಿ, ನೀವು ತೆಗೆಯುತ್ತಿದ್ದೀರೆಂದು ನಾನು, ನಾನು ತೆಗೆಯುತ್ತಿದ್ದೇನೆಂದು ನೀವು! ಪಾಪ, ಏನು ಕಷ್ಟವೋ, ಕೇಳಿದರೆ ನೊಂದುಕೊಳ್ಳಬಹುದು ಎಂದು ಇಬ್ಬರೂ ಬಾಯಿ ಹೊಲಿದುಕೊಂಡು ಕೂತೆವು. ಜಗಳ ಆಡಲೇಬೇಕಾದ ಕಡೆ ಮಾತ್ರ ನಮಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತದೆ. ಅರಕಲಗೂಡಿನಿಂದ ಬಂದಿದ್ದ ಮಗಳು ಬ್ಯಾಂಕಿಗೆ ಹೋಗಿ ವಿಚಾರಿಸಿದ ಮೇಲೆ ನಿಜ ಗೊತ್ತಾಯಿತು.

ಹಣ ಬಂದರೂ, ತಪ್ಪು ತಮ್ಮದೆಂದು ಅವರು ಒಂದು ಸಾಲು ಬರೆದುಕೊಡದೆ ನಾನು ಸಹಿ ಹಾಕುವುದಿಲ್ಲ. ಹಾಗೆಂದಾಗ ನಟರಾಜ ಅವರು ತಲೆ ಕೆರೆದುಕೊಂಡರು.

ಹಾಸನಕ್ಕೆ ಹೋಗಿಬರುವುದು ಅಂಥ ತೊಂದರೆಯೇನಲ್ಲ. ನೀವು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬಂದಿಳಿದು ನನಗಾಗಿ ಕಾಯುತ್ತೀರಿ. ಕೇಸು ಮುಂದಕ್ಕೆ ಹೋದ ಮೇಲೆ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತೇವೆ. ನಿಮ್ಮ ಪಲ್ಯ ನನ್ನ ತಟ್ಟೆಗೆ ಬರುತ್ತದೆ, ನನ್ನ ಚಟ್ನಿ ನಿಮ್ಮ ತಟ್ಟೆಗೆ ಹೋಗುತ್ತದೆ. ಅಲ್ಲಿ ಕೂತು ನಾವು ಒಂದು ದಿನವೂ ಜಗಳವಾಡಿಲ್ಲ. ಬೈಯಲು ಬ್ಯಾಂಕಿದೆಯಲ್ಲ!

ಆದ್ದರಿಂದ ರಾಜಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ನೀವೂ ಯೋಚಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಮರೆಯಬೇಡಿ.

ಇಂತಿ,
ಪುಷ್ಪಾವತಿ

ವಿ.ಸೂ.: ಅಂಚೆಗೆ ಹಾಕುವ ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ನಟರಾಜ ಅವರು ತಲೆ ಕೆರೆದುಕೊಂಡದ್ದು ಹೋದ ವಾರ. ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದರು. ತಪ್ಪು ತಮ್ಮದೆಂದು ಬರೆದುಕೊಡುತ್ತಾರಂತೆ, ಹಣವನ್ನೂ ಪೂರ್ತಿ ಕೊಡುತ್ತಾರಂತೆ. ಬೇಡವೆನ್ನಲು ನನ್ನ ಬಳಿ ಯಾವ ಕಾರಣವೂ ಉಳಿದಿಲ್ಲ. ಸಹಿ ಹಾಕಿಬಿಟ್ಟರೆ ಮುಂದೆ ನಿಮ್ಮನ್ನು ನೋಡುವುದು ಹೇಗೆ ಎಂದು ಆಗಿನಿಂದ ಅಳು ಬರುತ್ತಿದೆ. ಶುಕ್ರವಾರ ಸಹಿಗೆ ಬನ್ನಿ. ಬರುವಾಗ ಬಟ್ಟೆಬರೆ ತೆಗೆದುಕೊಂಡೇ ಬನ್ನಿ.